ಹನ್ನೆರಡು ಮುಖದ ಡಬ್ಬಿ, ಚಿನ್ನದ ತಟ್ಟೆ, ಹಳೇ ಟಿವಿ

ನಮ್ಮ ಮನೆಯ ದಸರಾ ಬೊಂಬೆ ಮೆಟ್ಟಿಲಲ್ಲಿ ಪಟ್ಟದ ಬೊಂಬೆಗಳ ಪಕ್ಕ ಒಂದು ನೀಲಿ ಪ್ಲಾಸ್ಟಿಕ್ ಡಬ್ಬಿ ಕೂರುತ್ತದೆ. ಹನ್ನೆರಡು ಮುಖ, ಒಂದೊಂದು ಮುಖಕ್ಕೂ ಐದು ಮೂಲೆ. ಒಳಗೆ ಅಮ್ಮ ಸೀರಿಯಲ್ ಸೆಟ್ ಬಿಟ್ಟಿದ್ದಾರೆ. ಅರಿಶಿನ ಕುಂಕುಮಕ್ಕೆ ಬಂದವರು ತಪ್ಪದೆ ಕೇಳುವುದು ಒಂದೇ: "ಎಲ್ಲಿ ಸಿಕ್ತು ರೀ ಇದು, ಚಿಕ್ಕಪೇಟೆಯಲ್ಲಾ?" ಹೆಚ್ಚುಕಮ್ಮಿ ಸರಿಯೇ. ಬೆಂಗಳೂರಿನ ಚಿಕ್ಕಪೇಟೆ ಪಕ್ಕದ ಕಂಪ್ಯೂಟರ್ ಸಾಮಾನಿನ ಬೀದಿ ಎಸ್‌ಪಿ ರೋಡ್‌ನಲ್ಲಿ ತಂದ ಇಂಟೆಲ್ ಕೋರ್ ಐ9-9900ಕೆ ಪ್ರೊಸೆಸರಿನ, ಅಂದರೆ ಕಂಪ್ಯೂಟರಿನ ಮಿದುಳಿನಂಥ ಚಿಪ್ಪಿನ ಡಬ್ಬಿ ಅದು.

ವಿಡಿಯೊ ಎಡಿಟಿಂಗ್ ಮಾಡುವ ಗೆಳೆಯರಿಗೆ ಕಂಪ್ಯೂಟರ್ ಜೋಡಿಸಿಕೊಡುವ ಹವ್ಯಾಸ ನನ್ನದು. ಈ ನೆಪದಲ್ಲಿ ಮೂರು ರಾಜಗಾಂಭೀರ್ಯದ ಡಬ್ಬಿ ಬಿಚ್ಚಿದ್ದೇನೆ: 2017ರ ಎಎಂಡಿ ಕಂಪನಿಯ ಥ್ರೆಡ್‌ರಿಪ್ಪರ್ 1950ಎಕ್ಸ್, 2018ರ ಇಂಟೆಲ್ 9900ಕೆ, 2021ರ ಇಂಟೆಲ್ 12900ಕೆ. ಡಬ್ಬಿಯೇ ಇಲ್ಲದ ಟ್ರೇ ಚಿಪ್ಪನ್ನೂ ಒಮ್ಮೆ ಕೂರಿಸಿದ್ದೇನೆ. ಚಿಪ್ಪುಗಳ ವೇಗವನ್ನು ಅಳೆದು ತೂಗಿದವರು ಬೇಕಾದಷ್ಟು ಜನ ಇದ್ದಾರೆ. ನಾನು ಡಬ್ಬಿಗಳ ಬಗ್ಗೆ ಮಾತ್ರ ಹೇಳುತ್ತೇನೆ.

ಚೆಂದದ ವಿಷಯಕ್ಕೆ ಬಂದರೆ 9900ಕೆ ಮುಂದೆ ಉಳಿದೆರಡೂ ಸಪ್ಪೆ. ಆದರೆ ಅದನ್ನು ಮನೆಗೆ ತರುವುದಿದೆಯಲ್ಲ, ಅದು ಬೇರೆ ಕಥೆ. ಬೆನ್ನಿನ ಬ್ಯಾಗಿಗೆ ತುರುಕಿದರೆ ಜಿಪ್ ಹತ್ತಲಿಲ್ಲ. ಗಾಡಿಯ ಸೀಟಿನಡಿ ಹಿಡಿಯಲಿಲ್ಲ. ಸಾಲದ್ದಕ್ಕೆ ಮಳೆ. ಗಾಡಿಯನ್ನು ಅಲ್ಲೇ ಬಿಟ್ಟು ಚಿಕ್ಕಪೇಟೆ ಮೆಟ್ರೊ ಹತ್ತಲು ಹೋದೆ. ಸ್ಕ್ಯಾನರ್ ಹತ್ತಿರ ಇದ್ದ ಸೆಕ್ಯುರಿಟಿಯವರು ಡಬ್ಬಿಯನ್ನು ಎತ್ತಿ, ತಿರುಗಿಸಿ, "ಲ್ಯಾಂಪಾ ಸಾರ್?" ಅಂದರು. ಹೌದು ಅಂದುಬಿಟ್ಟೆ. ಬನಶಂಕರಿವರೆಗೂ ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದೆ.

ಬಿಚ್ಚಿದರೆ ಒಳಗೆ ಏನಿದೆ? ಮೂವತ್ತೇಳೂವರೆ ಮಿಲಿಮೀಟರ್ ಚೌಕದ ಚಿಪ್ಪು, ಅಂದರೆ ಗ್ಲೂಕೋಸ್ ಬಿಸ್ಕತ್ತಿಗಿಂತ ಚಿಕ್ಕದು, ಮತ್ತೊಂದು ಸಣ್ಣ ಪುಸ್ತಿಕೆ. ಇಷ್ಟು ದೊಡ್ಡ ಡಬ್ಬಿಯಲ್ಲಿ ಚಿಪ್ಪಿನ ಬಿಸಿ ಇಳಿಸುವ ಕೂಲರ್ ಇಲ್ಲ, ಅದಕ್ಕೆ ಬೇರೆ ದುಡ್ಡು ಬಿಚ್ಚಬೇಕು. ಉಳಿದ ಜಾಗವೆಲ್ಲ ಗಾಳಿ. ಅಷ್ಟು ಗಾಳಿಯನ್ನು ಹಡಗಿನಲ್ಲಿ, ಲಾರಿಯಲ್ಲಿ ಹೊತ್ತು ತರುವುದು ಇಂಟೆಲ್‌ಗೂ ಭಾರ ಅನ್ನಿಸಿರಬೇಕು. ಕೊನೆಗೆ ಇದೇ ಚಿಪ್ಪನ್ನು ಸಾದಾ ರಟ್ಟಿನ ಪೆಟ್ಟಿಗೆಗೆ ಇಳಿಸಿತು.

ಅಂದಹಾಗೆ, ಡಬ್ಬಿಯ ಮೇಲಿನ ಬಿಳಿ ಚೀಟಿ ಅಸಹ್ಯ ಕಾಣುತ್ತದೆ ಅಂತ ಅಮ್ಮ ಕೊಬ್ಬರಿ ಎಣ್ಣೆ ಹಚ್ಚಿ ಕೀಳಲು ಕೂತಿದ್ದರು. ಓಡಿ ಹೋಗಿ ತಡೆದೆ. ಬ್ಯಾಚ್ ನಂಬರೂ ಪೂರ್ತಿ ಸೀರಿಯಲ್ ನಂಬರೂ ಇರುವುದು ಆ ಚೀಟಿಯಲ್ಲೇ. ಡಬ್ಬಿಯ ಚಿಪ್ಪಿಗೆ ಮೂರು ವರ್ಷದ ವಾರಂಟಿ ಇರುತ್ತದೆ, ಕೇಳಲು ಹೋದಾಗ ಮೊದಲು ಬೇಡುವುದೂ ಅದನ್ನೇ. ಆಮೇಲೆ ಚೀಟಿಯನ್ನು ಹುಷಾರಾಗಿ ಬಿಡಿಸಿ ಬಿಲ್ಲಿನ ಹಿಂದೆ ಅಂಟಿಸಿಟ್ಟೆ. ನೀವೂ ಹಾಗೆ ಮಾಡಿ.

12900ಕೆ ಡಬ್ಬಿ ಚೌಕ, ಹಾಗಾಗಿ ತರುವ ರಗಳೆ ಇರಲಿಲ್ಲ. ಒಳಗೆ ಚಿನ್ನದ ಬಣ್ಣದ ದುಂಡು ತಟ್ಟೆ, ಚಿಪ್ಪುಗಳನ್ನು ಕತ್ತರಿಸಿ ತೆಗೆಯುವ ತೆಳು ಸಿಲಿಕಾನ್ ಬಿಲ್ಲೆಯ, ಅಂದರೆ ವೇಫರಿನ ನಕಲು. ಫೋಟೊದಲ್ಲಿ ಲೋಹದ ಥರ ಮಿಂಚುತ್ತದೆ, ಕೈಗೆ ತಗೊಂಡರೆ ಹಗುರ ಪ್ಲಾಸ್ಟಿಕ್. ಗಡಿಯಾರ ಮಾಡಿಕೊಳ್ಳೋಣ ಅಂತ ಮಧ್ಯೆ ತೂತು ಹಾಕಲು ಹೋದೆ, ಬಿರುಕು ಬಿಟ್ಟಿತು. ಇದನ್ನೂ ಇಂಟೆಲ್ ಆಮೇಲೆ ಸಣ್ಣ ಪೆಟ್ಟಿಗೆಗೆ ಬದಲಾಯಿಸಿತು. ಇದರ ಬಗ್ಗೆ ಇನ್ನು ಹೇಳುವಂಥದ್ದೇನಿಲ್ಲ.

ಹೇಳಬೇಕಾದ್ದು ಅವತ್ತು ರಾತ್ರಿ ನಾನು ಮಾಡಿಕೊಂಡ ಯಡವಟ್ಟು. ತಟ್ಟೆಯ ಮೋಹದಲ್ಲಿ ಒಂದು ಕೈಯಲ್ಲಿ ವಿಡಿಯೊ ಹಿಡಿಯುತ್ತಾ ಇನ್ನೊಂದು ಕೈಯಲ್ಲಿ ಚಿಪ್ಪನ್ನು ಕಂಪ್ಯೂಟರಿನ ಮುಖ್ಯ ಹಲಗೆಯಾದ ಮದರ್‌ಬೋರ್ಡಿಗೆ ಇಡಲು ಹೋದೆ. ಬೆರಳು ಜಾರಿತು. ಚಿಪ್ಪಿನ ಮೂಲೆ ಅದು ಕೂರುವ ಸಾಕೆಟ್ ಮೇಲೆ ಬಿತ್ತು. ಚಿಪ್ಪಿಗೆ ಗೀರೂ ಆಗಲಿಲ್ಲ. ಸಾಕೆಟ್‌ನ 1700 ಪಿನ್ನುಗಳಲ್ಲಿ ಮೂರು ಮಲಗಿದವು. ಮರುದಿನ ಎಸ್‌ಪಿ ರೋಡಿನ ಮಹಡಿ ಮೇಲಿನ ಒಂದು ರಿಪೇರಿ ಅಂಗಡಿಯಲ್ಲಿ ಹುಡುಗನೊಬ್ಬ ಭೂತಗನ್ನಡಿ ಕೆಳಗಿಟ್ಟು ಸೂಜಿಯಿಂದ ಒಂದೊಂದನ್ನೇ ಎಬ್ಬಿಸಿದ. "ಇನ್ನೊಂದ್ ಸಲ ಬಗ್ಗಿದ್ರೆ ಮುರಿಯತ್ತೆ ಅಣ್ಣ" ಅಂತ ಎಚ್ಚರಿಸಿಯೇ ಕೊಟ್ಟ.

ಆಗ ತಲೆಗೆ ಹೊಳೆದದ್ದು ಇದು. ಈ ಮೂರೂ ಚಿಪ್ಪುಗಳ ಅಡಿಯಲ್ಲಿ ಇರುವುದು ಚಪ್ಪಟೆ ಬಂಗಾರದ ಚುಕ್ಕಿಗಳು. ಸೂಕ್ಷ್ಮವಾದ ಪಿನ್ನುಗಳೆಲ್ಲ ಮದರ್‌ಬೋರ್ಡಿನ ಕಡೆ. ಗಟ್ಟಿ ಜೀವಕ್ಕೆ ಅರಮನೆ ಕಟ್ಟಿದ್ದಾರೆ, ನಾಜೂಕಿನದಕ್ಕೆ ಸಿಕ್ಕಿರುವುದು ಮೂರುಕಾಸಿನ ಕರಿ ಪ್ಲಾಸ್ಟಿಕ್ ಮುಚ್ಚಳ. ಅದನ್ನೂ ನಾವು ಚಿಪ್ಪು ಕೂರಿಸಿದ ಮೇಲೆ ಕಸಕ್ಕೆ ಹಾಕುತ್ತೇವೆ. ಮದರ್‌ಬೋರ್ಡನ್ನು ವಾರಂಟಿಗೆ ಕಳಿಸುವಾಗ ಆ ಮುಚ್ಚಳವೇ ಬೇಕಾಗುತ್ತದೆ, ಹಾಗಾಗಿ ಎತ್ತಿಡಿ.

ಈ ಲೆಕ್ಕದಲ್ಲಿ ನೋಡಿದರೆ ಥ್ರೆಡ್‌ರಿಪ್ಪರ್ ಡಬ್ಬಿಯ ಬೆಲೆ ತಿಳಿಯುತ್ತದೆ. ನೋಡಲು ಅದೇನೂ ಸುಂದರಾಂಗ ಅಲ್ಲ. ಕಪ್ಪು, ದಪ್ಪ, ಮುಂದೆ ಗಾಜಿನಂಥ ಕಿಟಕಿ. ಹಿಂದೆ ಭಾನುವಾರ ಸಂಜೆ ಪಿಕ್ಚರ್ ನೋಡಲು ಇಡೀ ಬೀದಿ ಒಂದೇ ಮನೆಯಲ್ಲಿ ಸೇರುತ್ತಿತ್ತಲ್ಲ, ಆ ಕಾಲದ ಡಬ್ಬಾ ಟಿವಿಯ ಮರಿ. ಕಿಟಕಿಯಿಂದ ಚಿಪ್ಪಿನ ಮೇಲಿನ ಹೆಸರು ಕಾಣುತ್ತದೆ. ಅಂಗಡಿ ಕೌಂಟರಿನಲ್ಲೇ ಸೀಲು ಒಡೆಯದೆ ಓದಿಕೊಳ್ಳಬಹುದು, ಎಸ್‌ಪಿ ರೋಡಿನಲ್ಲಿ ಇದು ಸಣ್ಣ ಸೌಲಭ್ಯ ಅಲ್ಲ. ಇದರಲ್ಲೂ ಕೂಲರ್ ಇಲ್ಲ. ಆದರೆ ನೀರು ಹರಿಸಿ ಚಿಪ್ಪು ತಣಿಸುವ ವಾಟರ್ ಕೂಲರ್ ಕೂರಿಸಲು ಒಂದು ಬ್ರಾಕೆಟ್ ಇದೆ. ಅದರ ಜೊತೆ ಒಂದು ಟಾರ್ಕ್ ಸ್ಕ್ರೂಡ್ರೈವರ್ ಇದೆ.

ಆ ಸ್ಕ್ರೂಡ್ರೈವರೇ ನನ್ನ ಪಾಲಿಗೆ ಡಬ್ಬಿಯ ಜೀವ. ಈ ಚಿಪ್ಪಿನ ಸಾಕೆಟ್‌ನಲ್ಲಿ 4094 ಪಿನ್ನುಗಳಿವೆ. ಚಿಪ್ಪನ್ನು ಒತ್ತಿ ಹಿಡಿಯುವ ಲೋಹದ ಮುಚ್ಚಳಕ್ಕೆ ನಕ್ಷತ್ರ ತಲೆಯ ಮೂರು ಸ್ಕ್ರೂ, ಪಕ್ಕದಲ್ಲೇ 1, 2, 3 ಅಂತ ಬರೆದಿದೆ. ಬಿಚ್ಚುವಾಗ 3, 2, 1; ಬಿಗಿಯುವಾಗ 1, 2, 3. ಸಡಿಲ ಬಿಟ್ಟರೆ ಕೆಲವು ಪಿನ್ನು ತಾಗುವುದಿಲ್ಲ, ಹಾಕಿದ ರ‍್ಯಾಮ್‌ನಲ್ಲಿ ಅರ್ಧವೇ ತೋರಿಸಬಹುದು. ಈ ಸ್ಕ್ರೂಡ್ರೈವರ್ ಬಿಗಿ 1.5 ನ್ಯೂಟನ್ ಮೀಟರ್ ಮುಟ್ಟಿದ ಕೂಡಲೇ ಟಕ್ ಅಂತ ಜಾರುತ್ತದೆ, ಆಮೇಲೆ ಎಷ್ಟು ತಿರುಗಿಸಿದರೂ ಬಿಗಿಯುವುದಿಲ್ಲ. ಚಿಪ್ಪನ್ನು ಕೂಡ ಬೆರಳಲ್ಲಿ ಹಿಡಿದು ಇಳಿಸುವ ಹಾಗಿಲ್ಲ. ಅದು ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಚೌಕಟ್ಟಿನ ಸಮೇತ ಬರುತ್ತದೆ, ಚೌಕಟ್ಟಿನ ಸಮೇತವೇ ಹಳಿಯಲ್ಲಿ ಜಾರಿಸಬೇಕು. ನನ್ನಂಥ ಜಾರುಬೆರಳಿನವನನ್ನು ಕಂಡೇ ಮಾಡಿದ ಹಾಗಿದೆ.

ಇನ್ನು ಟ್ರೇ ಚಿಪ್ಪು. ಪ್ಲಾಸ್ಟಿಕ್ ಹೋಲ್ಡರ್, ಅದರ ಸುತ್ತ ರಬ್ಬರ್ ಬ್ಯಾಂಡ್, ಅಷ್ಟೆ. ಜೇಬಿನಲ್ಲಿ ಹಾಕಿಕೊಂಡು ಬಂದೆ. ಕೆಲಸದಲ್ಲಿ ಏನೂ ಕಮ್ಮಿ ಇಲ್ಲ, ದುಡ್ಡೂ ಉಳಿಯಿತು. ಆದರೆ ಬಿಲ್ಲಿನಲ್ಲಿ ಅಂಗಡಿಯವರ ಒಂದು ವರ್ಷದ ಮಾತು ಬಿಟ್ಟರೆ ಬೇರೆ ವಾರಂಟಿ ಇಲ್ಲ. ಸ್ವಂತಕ್ಕಾದರೆ ಇದನ್ನೇ ತಗೊಳ್ಳುತ್ತೇನೆ. ಬೇರೆಯವರ ದುಡ್ಡಿನಲ್ಲಿ ತರುವಾಗ ಮೂರು ವರ್ಷದ ಡಬ್ಬಿಯೇ ಇರಲಿ.

ಥ್ರೆಡ್‌ರಿಪ್ಪರ್ ಡಬ್ಬಿ ಈಗ ಅಟ್ಟದ ಮೇಲಿದೆ, ಸ್ಕ್ರೂಡ್ರೈವರ್ ಮಾತ್ರ ನನ್ನ ಬ್ಯಾಗಿನಲ್ಲೇ ಓಡಾಡುತ್ತದೆ. ಬಿರುಕು ಬಿಟ್ಟ ಚಿನ್ನದ ತಟ್ಟೆಯನ್ನು ಕಳೆದ ದಸರಾದಲ್ಲಿ ಬೊಂಬೆ ಮೆಟ್ಟಿಲಿಗೆ ಇಡೋಣವಾ ಅಂತ ಕೇಳಿದೆ. ಅಮ್ಮ ಒಂದು ಸಲ ತಿರುಗಿಸಿ ನೋಡಿ, "ಮದುವೆ ಛತ್ರದ ಪೇಪರ್ ಪ್ಲೇಟ್ ಥರ ಇದೆ ಕಣೋ" ಅಂತ ವಾಪಸ್ ಕೊಟ್ಟರು.