ಮೇಲೆ ಟೆಂಟ್ ಹೊತ್ತ ಬಾಡಿಗೆ ಲ್ಯಾಂಡ್ ಕ್ರೂಸರ್: ಮಾರಾ, ಸೆರೆಂಗೆಟಿಯಲ್ಲಿ ನಾಲ್ಕು ಸೀಸನ್ ಬಳಸಿದ ಮೇಲೆ

ಕೀನ್ಯಾದ ನೈರೋಬಿ, ತಾಂಜಾನಿಯಾದ ಅರೂಷಾಗಳಲ್ಲಿ ಸ್ವಂತ ಡ್ರೈವಿಂಗ್‌ಗೆ ಬಾಡಿಗೆಗೆ ಸಿಗುವ, ಮೇಲೆ ಮಡಚುವ ಟೆಂಟ್ ಕೂರಿಸಿದ ಟೊಯೊಟಾ ಲ್ಯಾಂಡ್ ಕ್ರೂಸರ್‌ನ ವಿಮರ್ಶೆ ಇದು. ಕೀನ್ಯಾದ ಮಸಾಯಿ ಮಾರಾ, ತಾಂಜಾನಿಯಾದ ಸೆರೆಂಗೆಟಿ, ಎನ್‌ಗೊರೊಂಗೊರೊ, ತರಂಗೀರೆ ವನ್ಯಧಾಮಗಳಲ್ಲಿ ಬಳಸಿದ್ದೇವೆ. ದಿನಕ್ಕೊಂದು ಊರು ಎಂದು ಸುತ್ತುವವರಿಗೆ ಇದು ಒಳ್ಳೆಯ ಏರ್ಪಾಡು. ಫೋಟೊಗೆಂದೇ ಹೋಗುವವರಿಗೆ ನಮ್ಮ ಸಲಹೆ ಬೇರೆ: ಗಾಡಿ ತೆಗೆದುಕೊಳ್ಳಿ, ಮೇಲಿನ ಟೆಂಟ್ ಬಿಚ್ಚಿಸಿ, ನೆಲದ ಟೆಂಟ್ ಕೇಳಿ ಪಡೆಯಿರಿ.

ಕಾರಣ ಬೆಳಗಿನ ಲೆಕ್ಕ. ಇದು ಸಮಭಾಜಕದ ಪಕ್ಕದ ಸೀಮೆ. ವರ್ಷಪೂರ್ತಿ ಸೂರ್ಯ ಹುಟ್ಟುವುದು ಆರೂವರೆಯ ಆಸುಪಾಸಿನಲ್ಲಿ, ಅದೂ ನೇರವಾಗಿ ಮೇಲೇರುತ್ತಾನೆ. ಎಳೆಬಿಸಿಲು ಒಂದು ಗಂಟೆ ಉಳಿದರೆ ಹೆಚ್ಚು. ಒಂಬತ್ತರ ಮೇಲೆ ಹುಲ್ಲುಗಾವಲಿನಿಂದ ಬಿಸಿಗಾಳಿ ಏಳಲು ಶುರುವಾದರೆ 600 ಎಂಎಂ ಲೆನ್ಸಿನಲ್ಲಿ ದೂರದ ಪ್ರಾಣಿಯ ಕಣ್ಣು ಚೂಪಾಗಿ ಬರುವುದೇ ಇಲ್ಲ. ಲೆನ್ಸ್ ಕೆಟ್ಟಿದೆ ಎಂದುಕೊಂಡು ಸರ್ವಿಸ್‌ಗೆ ಕೊಡುವವರಿದ್ದಾರೆ, ತಪ್ಪು ಗಾಳಿಯದು. ಗಾಡಿ ಓಡಾಡಲು ಬಿಡುವುದು ಬೆಳಿಗ್ಗೆ ಆರಕ್ಕೆ. ಅಂದರೆ ಆರಕ್ಕೆ ಸರಿಯಾಗಿ ಚಕ್ರ ಉರುಳಬೇಕು.

ಮೇಲಿನ ಟೆಂಟ್ ಮಡಚದೆ ಗಾಡಿ ಕದಲುವಂತಿಲ್ಲ. ಹಾಸಿಗೆ ಸರಿಮಾಡು, ಏಣಿ ಎಳೆ, ಬಟ್ಟೆಯನ್ನು ಒಳಕ್ಕೆ ತುರುಕುತ್ತಾ ಮಡಚು, ಪಟ್ಟಿ ಬಿಗಿ, ಕವರ್ ಹೊದಿಸು, ಜಿಪ್ ಎಳೆ. ಕತ್ತಲಲ್ಲಿ ಹೆಡ್‌ಲ್ಯಾಂಪ್ ಹಾಕಿಕೊಂಡು ಇಬ್ಬರು ಮಾಡಿದರೂ ಹದಿನೈದು ನಿಮಿಷ. ಇಬ್ಬನಿ ಬಿದ್ದ ದಿನ ಬಟ್ಟೆ ಒದ್ದೆಯಾಗಿ ಉಬ್ಬಿರುತ್ತದೆ, ಕವರ್ ಕೂರುವುದಿಲ್ಲ, ಧೂಳು ಕಚ್ಚಿದ ಜಿಪ್ ಅರ್ಧದಲ್ಲಿ ನಿಲ್ಲುತ್ತದೆ. ಆಗ ಅರ್ಧ ಗಂಟೆ. ಹಾಗೆ ಒದ್ದೆಯಾಗಿ ಮಡಚಿದ ಟೆಂಟಿನೊಳಗಿನ ಹಾಸಿಗೆ ರಾತ್ರಿ ಮುಗ್ಗಲು ವಾಸನೆ ಹೊಡೆಯುತ್ತದೆ. ಮಾರಾದಲ್ಲಿ 2024ರ ಜುಲೈಯಿಂದ ವಿದೇಶಿಯರಿಗೆ ಪ್ರವೇಶ ಶುಲ್ಕ ಜುಲೈ–ಡಿಸೆಂಬರ್ ಅವಧಿಯಲ್ಲಿ ದಿನಕ್ಕೆ ತಲೆಗೆ 200 ಡಾಲರ್, ಜನವರಿ–ಜೂನ್‌ನಲ್ಲಿ 100. ಟಿಕೆಟ್ ನಡೆಯುವುದು ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ, 12 ಗಂಟೆ. ಅಷ್ಟು ಕೊಟ್ಟು, ಅದರಲ್ಲಿ ಬೆಲೆಬಾಳುವ ಒಂದೇ ಗಂಟೆಯಲ್ಲಿ ಅರ್ಧವನ್ನು ಜಿಪ್ಪಿನ ಜೊತೆ ಗುದ್ದಾಡುತ್ತಾ ಕಳೆಯುವುದು ಸಲ್ಲದು.

ಎರಡನೆಯ ನಷ್ಟ ಚಾವಣಿ. ಸಫಾರಿ ಗಾಡಿಗಳಲ್ಲಿ ಮೇಲಕ್ಕೆತ್ತುವ ಚಾವಣಿ ಇರುತ್ತದೆ. ಅಲ್ಲಿ ಟೆಂಟ್ ಕೂತರೆ ಅದು ಮುಚ್ಚಿದಂತೆ. ಕಿಟಕಿಯಿಂದ ತೆಗೆದ ಚಿತ್ರವೇ ಹೆಚ್ಚಿನ ಸಲ ಚೆಂದ, ಪ್ರಾಣಿಯ ಕಣ್ಣಿನ ಮಟ್ಟಕ್ಕೆ ಹತ್ತಿರವಾಗುತ್ತದೆ ಎಂಬುದು ನಿಜ. ಆದರೆ ಮಳೆಗಾಲ ಮುಗಿದು ಜೂನ್, ಜುಲೈ ಹೊತ್ತಿಗೆ ಮಾರಾದ ಹುಲ್ಲು ಎತ್ತರಕ್ಕೆ ನಿಂತಿರುವಾಗ ಮಲಗಿದ ಚೀತಾ ಕಿಟಕಿಯಿಂದ ಕಾಣುವುದಿಲ್ಲ, ಮೇಲಿನಿಂದ ಕಾಣುತ್ತದೆ. ರಸ್ತೆ ಬಿಟ್ಟು ಹುಲ್ಲಿಗಿಳಿಯುವುದು ಅಲ್ಲಿ ನಿಷಿದ್ಧ. ಹತ್ತಿರ ಹೋಗಲಾಗದು ಎಂದ ಮೇಲೆ ಎತ್ತರವೊಂದೇ ದಾರಿ.

ಹಾಗಾದರೆ ಮೇಲಿನ ಟೆಂಟ್ ಎಲ್ಲಿ ಗೆಲ್ಲುತ್ತದೆ? ಮಳೆಯಲ್ಲಿ. ಮಾರಾದ ನೆಲ ಬಹುಪಾಲು ನಮ್ಮ ಗದಗ, ಧಾರವಾಡದ ಎರೆ ಭೂಮಿಯಂಥದ್ದೇ. ನಾಲ್ಕು ಹನಿ ಬಿದ್ದರೆ ಕಾಲಿಗೆ ಮೆತ್ತಿಕೊಂಡು ಬರುತ್ತದೆ, ಟೆಂಟಿನ ಗೂಟ ನಿಲ್ಲುವುದಿಲ್ಲ. ಏಪ್ರಿಲ್, ನವೆಂಬರ್‌ಗಳಲ್ಲಿ ಹೋಗುವವರು ಮೇಲೇ ಮಲಗಲಿ.

ನೆಲದ ಟೆಂಟಿಗೆ ಭಯಪಡುವವರು ಹೆಚ್ಚು. ಸೆರೆಂಗೆಟಿಯ ಸೆರೊನೆರಾ ಸುತ್ತಲಿನ ಪಿಂಬಿ, ನ್ಯಾನಿಯಂಥ ಸಾರ್ವಜನಿಕ ಕ್ಯಾಂಪುಗಳಿಗೆ ಬೇಲಿಯಿಲ್ಲ. ಕತ್ತೆಕಿರುಬ ಒಳಗೇ ಓಡಾಡುತ್ತದೆ, ಸಿಂಹ ಹಾದುಹೋಗುವುದೂ ಉಂಟು. ಜಿಪ್ ಪೂರ್ತಿ ಎಳೆದು ಒಳಗಿರುವವರ ತಂಟೆಗೆ ಅವು ಸಾಮಾನ್ಯವಾಗಿ ಬರುವುದಿಲ್ಲ. ಸೆಖೆಯೆಂದು ಬಾಗಿಲು ತೆರೆದು ಮಲಗುವುದು, ಒಳಗೆ ತಿಂಡಿ ಇಟ್ಟುಕೊಳ್ಳುವುದು, ರಾತ್ರಿ ಶೌಚಾಲಯಕ್ಕೆ ನಡೆದು ಹೋಗುವುದು, ಈ ಮೂರೇ ಅಪಾಯ. ಮೂರನೆಯದಕ್ಕೆ ಮುಚ್ಚಳವಿರುವ ಅಗಲ ಬಾಯಿಯ ಡಬ್ಬ ಒಳಗಿರಲಿ. ಏಣಿಯಿಂದಿಳಿಯುವವರಿಗೂ ಅಪಾಯ ಅಷ್ಟೇ. ಎತ್ತರದಲ್ಲಿದ್ದೇವೆಂಬ ಧೈರ್ಯ ಇಳಿದ ಮರುಕ್ಷಣ ಕೆಲಸಕ್ಕೆ ಬಾರದು. ಚಪ್ಪಲಿ, ಶೂ ಹೊರಗೆ ಬಿಟ್ಟರೆ ಕತ್ತೆಕಿರುಬ ಕಚ್ಚಿಕೊಂಡು ಹೋಗುತ್ತದೆ. ಹಗಲಲ್ಲಿ ಬಬೂನ್ ಕಾಟ: ಬಾಳೆಹಣ್ಣಷ್ಟೇ ಅಲ್ಲ, ಟೂತ್‌ಪೇಸ್ಟ್, ಸೋಪನ್ನೂ ಟೆಂಟಿನಲ್ಲಿ ಬಿಡಬೇಡಿ, ಬಟ್ಟೆ ಹರಿದು ಒಳನುಗ್ಗುತ್ತವೆ. ಎಲ್ಲ ಗಾಡಿಯಲ್ಲೇ ಇರಲಿ.

ಇನ್ನು ಗಾಡಿ. 4.2 ಲೀಟರ್, ಆರು ಸಿಲಿಂಡರ್, ಟರ್ಬೊ ಇಲ್ಲದ ಹಳೆಯ ಡೀಸೆಲ್ ಎಂಜಿನ್. ಏರಿನಲ್ಲಿ ಏದುಸಿರು ಬಿಡುತ್ತದೆ, ಆದರೆ ಕಂಪ್ಯೂಟರ್ ಇಲ್ಲದ್ದರಿಂದ ರಿಪೇರಿಗೆ ಸಣ್ಣ ಊರಿನ ಗ್ಯಾರೇಜೂ ಸಾಕು. ಬಲಗಡೆ ಸ್ಟೀರಿಂಗ್, ಎಡಗಡೆ ಓಡಾಟ, ನಮ್ಮಂತೆಯೇ. ತೊಂದರೆ ಕೊಡುವುದು ಸೆರೆಂಗೆಟಿಯ ನಾಬಿ ಹಿಲ್ ಗೇಟಿನತ್ತ ಹೋಗುವ ರಸ್ತೆ. ಸಿಮೆಂಟ್ ಶೀಟು ಹಾಸಿದಂತೆ ಅಲೆ ಅಲೆ. ಟೈರಿನ ಗಾಳಿಯನ್ನು 40ರಿಂದ 30 ಪಿಎಸ್ಐಗೆ ಇಳಿಸಿದರೆ ನಡುಕ ಎಷ್ಟೋ ಕಡಿಮೆ. ಟಾರ್ ರಸ್ತೆಗೆ ಮರಳಿದೊಡನೆ ತುಂಬಿಸಲು ಕಂಪ್ರೆಸರ್ ಬೇಕು. ಈ ನಡುಕಕ್ಕೆ ಲೆನ್ಸಿನ ಟ್ರೈಪಾಡ್ ಕಾಲಿನ ಸ್ಕ್ರೂ, ಬ್ಯಾಟರಿ ಟರ್ಮಿನಲ್, ಸ್ಟೆಪ್ನಿಯ ನಟ್ಟು ಮೂರೂ ಸಡಿಲವಾಗುತ್ತವೆ. ದಿನಾ ಸಂಜೆ ಕೈಯಾಡಿಸಿ. ಕ್ಯಾಮೆರಾ ಹಿಂದಿನ ಡಿಕ್ಕಿಯಲ್ಲಿ ಬೇಡ, ದಿಂಬಿನ ಕವರಿನೊಳಗೆ ಹಾಕಿ ಸೀಟಿನ ಮೇಲಿಡಿ: ಅಲುಗಾಟವೂ ತಟ್ಟದು, ಧೂಳೂ ಹೊಗದು. ಎರಡು ಕ್ಯಾಮೆರಾ ಬಾಡಿ ಇದ್ದರೆ ಗಾಡಿಯಲ್ಲಿ ಲೆನ್ಸ್ ಬದಲಿಸುವ ಪ್ರಮೇಯವೇ ಬರುವುದಿಲ್ಲ.

ಟ್ರೈಪಾಡ್ ಗಾಡಿಯೊಳಗೆ ಹೊರೆ. ಬದಲಿಗೆ ಲೆನ್ಸಿಗೆ ಆನಿಕೆಯಾಗುವ ಚಿಕ್ಕ ಚೀಲ, ಅಂದರೆ ಬೀನ್ ಬ್ಯಾಗ್ ಅನ್ನು ಬೆಂಗಳೂರಿನಿಂದಲೇ ಖಾಲಿಯಾಗಿ ಒಯ್ದು, ಅಲ್ಲಿನ ಮಾರುಕಟ್ಟೆಯಲ್ಲಿ ‘ಮಹಾರಾಗೆ’ ಎಂದು ಕೇಳಿದರೆ ಸಿಗುವ ರಾಜ್ಮಾದಂಥ ಕಾಳನ್ನು ಎರಡೂವರೆ ಕಿಲೊ ತುಂಬಿ. ಮುಕ್ಕಾಲು ಭಾಗಕ್ಕಿಂತ ಹೆಚ್ಚು ತುಂಬಿದರೆ ಚೀಲ ಚೆಂಡಿನಂತಾಗಿ ಲೆನ್ಸ್ ಜಾರುತ್ತದೆ. ಸಡಿಲವಿದ್ದರೇ ಕಿಟಕಿಯ ಅಂಚನ್ನು ತಬ್ಬಿ ಕೂರುತ್ತದೆ. ಥರ್ಮೋಕೋಲ್ ಗುಂಡು ಹಗುರ, ದೊಡ್ಡ ಲೆನ್ಸಿಗೆ ನಿಲ್ಲದು. ಮಳೆಯಲ್ಲಿ ನೆನೆದ ಕಾಳು ಎರಡೇ ದಿನಕ್ಕೆ ನಾರುತ್ತದೆ, ಬದಲಿಸಿ. ಕ್ಲಿಕ್ಕಿಸುವ ಮುನ್ನ ಎಂಜಿನ್ ಆಫ್ ಮಾಡಿ, ಪಕ್ಕದಲ್ಲಿರುವವರು ಅಲುಗಾಡದಿರಲಿ. ಬಾನೆಟ್ಟಿನ ಮೇಲಿಂದ ಮುಂದಕ್ಕೆ ಗುರಿಯಿಟ್ಟರೆ ಎಂಜಿನ್ನಿನ ಕಾವೇ ಚಿತ್ರ ಕೆಡಿಸುತ್ತದೆ. ಗಾಡಿಯನ್ನು ಅಡ್ಡ ತಿರುಗಿಸಿ.

ಅಡುಗೆ ವಿಷಯ ಚಿಕ್ಕದು. ಗಾಡಿಯ ಜೊತೆ ಬರುವ 6 ಕಿಲೊ ಗ್ಯಾಸ್ ಸಿಲಿಂಡರ್, ಅದರ ತಲೆಗೇ ಕೂರುವ ಬರ್ನರ್ ಸಾಕಷ್ಟು ಕೆಲಸ ಮಾಡುತ್ತದೆ. ಎನ್‌ಗೊರೊಂಗೊರೊ ಅಂಚಿನ ಸಿಂಬಾ ಕ್ಯಾಂಪ್ 2,300 ಮೀಟರಿಗೂ ಎತ್ತರ. ಅಲ್ಲಿ ನೀರು ಸುಮಾರು 92 ಡಿಗ್ರಿಗೇ ಕುದಿಯುತ್ತದೆ, ತೊಗರಿಬೇಳೆ ತೆರೆದ ಪಾತ್ರೆಯಲ್ಲಿ ಬೇಯದು. ಸಣ್ಣ ಕುಕ್ಕರ್ ಒಯ್ಯಿರಿ. ಬೆಳಿಗ್ಗೆ ಅವಲಕ್ಕಿ.

ಬಾಡಿಗೆಗೆ ಸಹಿ ಹಾಕುವ ಮುನ್ನ ಒಂದು ಗಂಟೆ ಇಟ್ಟುಕೊಳ್ಳಿ. ಎರಡು ಸ್ಟೆಪ್ನಿ ಕೇಳಿ, ಜಾಕ್ ಎತ್ತಿಸಿ ನೋಡಿ, ಟೆಂಟನ್ನು ಅಲ್ಲೇ ಬಿಡಿಸಿ ಎಲ್ಲ ಜಿಪ್ ಎಳೆಯಿರಿ. ಫ್ರಿಜ್ ಇದ್ದರೆ ಅದಕ್ಕೆ ಬೇರೆ ಬ್ಯಾಟರಿ ಉಂಟೇ ಎಂಬುದು ಮುಖ್ಯ; ಇಲ್ಲದಿದ್ದರೆ ರಾತ್ರಿ ಕ್ಯಾಮೆರಾ ಚಾರ್ಜಿಗೂ ಫ್ರಿಜ್ಜಿಗೂ ಒಂದೇ ಬ್ಯಾಟರಿ ಬಸಿದು ಬೆಳಿಗ್ಗೆ ಎಂಜಿನ್ ತಿರುಗುವುದಿಲ್ಲ. ಕ್ಯಾಂಪಿನ ಪ್ಲಗ್ಗುಗಳು ಚಪ್ಪಟೆಯಾದ ಮೂರು ಕಡ್ಡಿಯ ಬ್ರಿಟಿಷ್ ಮಾದರಿ, ಅಡಾಪ್ಟರ್ ಬೇಕು. ಗಾಡಿಗೆ ಗಡಿ ದಾಟಲು ಪರವಾನಗಿ ಇದೆಯೇ ಕೇಳಿ. ಮಾರಾದಿಂದ ನೇರ ಸೆರೆಂಗೆಟಿಗೆ ಪ್ರವಾಸಿಗರಿಗೆ ದಾರಿಯಿಲ್ಲ, ಇಸೆಬೇನಿಯಾ–ಸಿರಾರಿ ಗಡಿಠಾಣೆ ಸುತ್ತಿ ಬರಬೇಕು. ತರಂಗೀರೆಗೆ ಕಡುನೀಲಿ, ಕಪ್ಪು ಬಟ್ಟೆ ಬೇಡ, ಕಚ್ಚುವ ತ್ಸೆತ್ಸೆ ನೊಣ ಮುತ್ತುತ್ತದೆ. ಕೀನ್ಯಾದಿಂದ ಮರಳುವವರಿಗೆ ಹಳದಿ ಜ್ವರದ ಲಸಿಕೆಯ ಕಾರ್ಡ್ ಕಡ್ಡಾಯ. ಹೊರಡುವ ಹತ್ತು ದಿನ ಮೊದಲೇ ಹಾಕಿಸಿಕೊಂಡಿರಬೇಕು. ಸಾಮಾನು ಕಟ್ಟುವಾಗ ಪ್ಲಾಸ್ಟಿಕ್ ಚೀಲ ಬಿಟ್ಟು ಬಟ್ಟೆಯ ಚೀಲ ಬಳಸಿ: ಕೀನ್ಯಾದಲ್ಲಿ 2017ರಿಂದ, ತಾಂಜಾನಿಯಾದಲ್ಲಿ 2019ರಿಂದ ಅವು ನಿಷಿದ್ಧ.