ಮರದ ರೆಡಿಮೇಡ್ ಕೋಳಿ ಗೂಡು: 5ಕ್ಕೆ 3 ಅಂಕ

ಡಬ್ಬದ ಮೇಲೆ ‘6 ಕೋಳಿಗಳಿಗೆ’ ಎಂದು ಬರೆದಿದ್ದರೂ ಇದು ಮೂರು ಕೋಳಿಗಳ ಗೂಡು, ಅಷ್ಟೇ. ಒಳಕೋಣೆ 4 ಅಡಿ ಉದ್ದ, 3 ಅಡಿ ಅಗಲ. ಕೋಳಿಯೊಂದಕ್ಕೆ 4 ಚದರ ಅಡಿ ಬೇಕು, ಲೆಕ್ಕ ನೀವೇ ಹಾಕಿಕೊಳ್ಳಿ. ಅದಕ್ಕಿಂತ ಹೆಚ್ಚು ತುರುಕಿದರೆ ಒಂದರ ಪುಕ್ಕ ಇನ್ನೊಂದು ಕೀಳಲು ಶುರುಮಾಡುತ್ತದೆ.

ಜೋಡಿಸುವಾಗ ಎಲ್ಲ ಸ್ಕ್ರೂಗಳನ್ನೂ ಸಡಿಲವಾಗಿ ಹಾಕಿ, ಬಾಗಿಲು ಸರಿಯಾಗಿ ಕೂತ ಮೇಲೆ ಬಿಗಿ ಮಾಡಿ.

ದೊಡ್ಡ ಕೊರತೆ ಜಾಲರಿಯದು. ಕೊಟ್ಟಿರುವುದು ಆರು ಮೂಲೆ ಕಣ್ಣಿನ ತೆಳು ತಂತಿ ಬಲೆ. ಕೋಳಿ ಹೊರಗೆ ಹೋಗದಂತೆ ತಡೆಯಲು ಅದು ಸಾಕು, ನಾಯಿ ಹರಿಯದಂತೆ ತಡೆಯಲು ಸಾಲದು. ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ (ಬೆಸುಗೆ ಹಾಕಿದ ಗಟ್ಟಿ ತಂತಿ ಜಾಲರಿ) ಹಾಕಿ, ಸ್ಟೇಪಲ್ ಪಿನ್ ನಂಬದೆ ವಾಷರ್ ಸಮೇತ ಸ್ಕ್ರೂ ಹೊಡೆಯಿರಿ. ಅದೇ ಮೆಶ್ಶನ್ನು ಗೂಡಿನ ಸುತ್ತ ಒಂದಡಿ ಹೊರಕ್ಕೆ ನೆಲದ ಮೇಲೆ ಹಾಸಿ ಮಣ್ಣು ಮುಚ್ಚಿದರೆ ಗೋಡೆ ಬುಡದಲ್ಲಿ ತೋಡುವ ಪ್ರಾಣಿಗೆ ತಂತಿಯೇ ಅಡ್ಡ ಸಿಗುತ್ತದೆ. ತಿರುಗಿಸುವ ಮರದ ಚಿಲಕವನ್ನೂ ಕಿತ್ತು ಕಬ್ಬಿಣದ ಬೋಲ್ಟ್ ಹಾಕಿ.

ಕೂರುವ ಕೋಲು ಮೊಟ್ಟೆ ಪೆಟ್ಟಿಗೆಯ ಮಟ್ಟದಲ್ಲೇ ಇದೆ. ಕತ್ತಲಾದರೆ ಕೋಳಿ ಎತ್ತರದ ಜಾಗ ಹುಡುಕುತ್ತದೆ. ಎರಡೂ ಒಂದೇ ಎತ್ತರವಾದರೆ ಪೆಟ್ಟಿಗೆಯಲ್ಲೇ ಮಲಗಿ ಹಿಕ್ಕೆ ಹಾಕುತ್ತದೆ, ಬೆಳಿಗ್ಗೆ ಮೊಟ್ಟೆಯೆಲ್ಲ ಗಲೀಜು. ಕೋಲನ್ನು 8 ಇಂಚು ಮೇಲಕ್ಕೆತ್ತಿದರೆ ಈ ಕಾಟ ತಪ್ಪುತ್ತದೆ.

ಗಾಳಿಕಿಂಡಿ ತೀರಾ ಚಿಕ್ಕದು. ಚಳಿಯೆಂದು ಅದನ್ನೂ ಮುಚ್ಚುವವರಿದ್ದಾರೆ! ಕೋಳಿಗೆ ಒಣ ಚಳಿಗಿಂತ ತೇವ ಮತ್ತು ಹಿಕ್ಕೆಯಿಂದ ಏಳುವ ಅಮೋನಿಯಾ ಅನಿಲ ಹೆಚ್ಚು ಕೆಡುಕು. ಬೆಳಿಗ್ಗೆ ಬಾಗಿಲು ತೆರೆದಾಗ ಮೂಗಿಗೆ ಘಾಟು ಹೊಡೆದರೆ ಕಿಂಡಿ ಸಾಲದು ಎಂದೇ ಅರ್ಥ. ಕೂತ ಕೋಳಿಗಳ ತಲೆಗಿಂತ ಮೇಲೆ, ಚಾವಣಿಯ ಕೆಳಗೆ ಎರಡು ಬದಿಯಲ್ಲೂ 2 ಇಂಚು ಸೀಳು ಬಿಡಿಸಿ ಮೆಶ್ ಬಡಿಯಿರಿ.

ಕೋಲು ಕಳಚಲು ಬರುತ್ತದೆ, ಇದು ನಿಜಕ್ಕೂ ಒಳ್ಳೆಯ ವಿನ್ಯಾಸ. ರಾತ್ರಿ ಕೋಳಿಯ ರಕ್ತ ಹೀರುವ ಕೆಂಪು ನುಸಿ ಹಗಲೆಲ್ಲ ಅಡಗುವುದು ಕೋಲಿನ ತುದಿ ಕೂರುವ ಸಂದಿನಲ್ಲೇ. ಅಲ್ಲಿ ಬೂದಿಯಂಥ ಪುಡಿ ಕಂಡರೆ ಬಿಳಿ ಕಾಗದದಿಂದ ಒರೆಸಿ ನೋಡಿ. ರಕ್ತದ ಗೆರೆ ಮೂಡಿದರೆ ನುಸಿಯೇ, ಅನುಮಾನವೇ ಬೇಡ. ಚಾವಣಿಗೆ ಅಂಟಿಸಿದ ಟಾರು ಹಾಳೆಯ ಅಡಿಯೂ ನುಸಿಗೆ ಬೀಡು, ಹಾಳೆ ತೆಗೆದು ತಗಡು ಹೊದಿಸುವುದು ವಾಸಿ.

ಎಳೆಯುವ ಟ್ರೇ ಶುಚಿಗೆ ಅನುಕೂಲ. ಆದರೆ ಒದ್ದೆ ಹಿಕ್ಕೆ ಮೂಲೆಯಲ್ಲಿ ಉಳಿದರೆ ಅಲ್ಲಿಂದಲೇ ತುಕ್ಕು ಹಿಡಿಯುತ್ತದೆ. ಕಾಲುಗಳನ್ನು ಮಣ್ಣಿಗೆ ತಾಗಿಸದೆ ಇಟ್ಟಿಗೆಯ ಮೇಲೆ ನಿಲ್ಲಿಸಿ, ಈ ಮರ ಮೊದಲು ಕೊಳೆಯುವುದು ಬುಡದಲ್ಲೇ.