ಹೊಸ ಮೆಷಿನ್ ಕೊಳ್ಳುವ ಮುನ್ನ ಜಾಮ್‌ಸಿಮ್: ಒಂದು ಉಚಿತ ಸಿಮ್ಯುಲೇಶನ್ ತಂತ್ರಾಂಶದ ವಿಮರ್ಶೆ

ಲೋಹ ಕಡೆಯುವ ಲೇತ್ ಮೆಷಿನ್‌ನಲ್ಲಿ ಒಂದು ಜಾಬ್‌ಗೆ, ಅಂದರೆ ಒಂದು ಬಿಡಿಭಾಗದ ಕೆಲಸಕ್ಕೆ, ಸರಾಸರಿ 4 ನಿಮಿಷ. ಸ್ಟೋರ್ಸ್‌ನಿಂದ ಸರಾಸರಿ 5 ನಿಮಿಷಕ್ಕೊಂದು ಜಾಬ್ ಬರುತ್ತದೆ. ಎಕ್ಸೆಲ್ ಹಾಳೆಯ ಪ್ರಕಾರ ಮೆಷಿನ್‌ಗೆ ಶೇ. 80ರಷ್ಟು ಕೆಲಸ, ಶೇ. 20ರಷ್ಟು ಬಿಡುವು, ಸಾಲು ನಿಲ್ಲುವ ಮಾತೇ ಇಲ್ಲ. ಶಾಪ್ ಫ್ಲೋರ್‌ಗೆ ಇಳಿದು ನೋಡಿದರೆ ಲೇತ್ ಮುಂದೆ ಬಿನ್ ತುಂಬಿರುತ್ತದೆ. ಜಾಬ್ ಬರುವ ಹೊತ್ತೂ ಮೆಷಿನ್ ತೆಗೆದುಕೊಳ್ಳುವ ಹೊತ್ತೂ ಏರುಪೇರಾಗುತ್ತಿರುತ್ತವೆ. ಸರಾಸರಿಯಲ್ಲಿ ಆ ಏರುಪೇರು ಅಳಿಸಿಹೋಗುತ್ತದೆ. ಅದನ್ನು ಕಂಪ್ಯೂಟರಿನಲ್ಲಿ ಮೊದಲೇ ಓಡಿಸಿ ನೋಡುವುದಕ್ಕೆ ಡಿಸ್‌ಕ್ರೀಟ್ ಇವೆಂಟ್ ಸಿಮ್ಯುಲೇಶನ್ ಎನ್ನುತ್ತಾರೆ. ಈ ಕೆಲಸಕ್ಕೆ ಲಕ್ಷಗಟ್ಟಲೆ ಬೆಲೆಯ ತಂತ್ರಾಂಶಗಳಿವೆ. ಪೀಣ್ಯದ ಮೆಷಿನ್ ಶಾಪ್‌ಗೋ ಬೆಳಗಾವಿಯ ಫೌಂಡ್ರಿಗೋ ಅಷ್ಟು ಹಣ ಹಾಕುವುದು ಕಷ್ಟ. ಅಂಥವರು ಜಾಮ್‌ಸಿಮ್ ಅನ್ನು ಗಂಭೀರವಾಗಿ ನೋಡಬೇಕು.

ಔಸೆಂಕೊ ಎಂಬ ಎಂಜಿನಿಯರಿಂಗ್ ಕಂಪನಿಯಲ್ಲಿ ಬೆಳೆದು ಬಂದ ತಂತ್ರಾಂಶ ಇದು. ಅಪಾಚೆ 2.0 ಪರವಾನಗಿಯಡಿ ಮುಕ್ತವಾಗಿದೆ, ವ್ಯಾಪಾರಕ್ಕೂ ಬಳಸಬಹುದು. ಜಾವಾ ಇರುವ ಕಂಪ್ಯೂಟರಿನಲ್ಲಿ ಒಂದೇ ಒಂದು ಜಾರ್ ಫೈಲ್ ತೆರೆದರೆ ಸಾಕು, ಇನ್‌ಸ್ಟಾಲ್ ಮಾಡುವ ಗೋಜಿಲ್ಲ. ಎಡಗಡೆಯ ಪಟ್ಟಿಯಿಂದ ಎಂಟಿಟಿ ಜನರೇಟರ್ (ಜಾಬ್ ಹುಟ್ಟಿಸುವುದು), ಕ್ಯೂ (ಕಾಯುವ ಸಾಲು), ಸರ್ವರ್ (ಕೆಲಸ ಮಾಡುವ ಮೆಷಿನ್), ಎಂಟಿಟಿ ಸಿಂಕ್ (ಮುಗಿದ ಜಾಬ್ ಹೊರಹೋಗುವ ಜಾಗ) ಈ ನಾಲ್ಕನ್ನು ಎಳೆದು ಹಾಕಿ ಒಂದಕ್ಕೊಂದು ಜೋಡಿಸಿ, ಜಾಬ್‌ನ ಅಚ್ಚಾಗಿ ಒಂದು ಸಿಮ್ ಎಂಟಿಟಿಯನ್ನು ಜನರೇಟರ್‌ಗೆ ಕೊಟ್ಟರೆ ಮೊದಲ ಮಾದರಿ ಸಿದ್ಧ. ಮಾದರಿ ಉಳಿಯುವುದು ಬರೀ ಪಠ್ಯದ ಫೈಲ್‌ನಲ್ಲಿ. ನೋಟ್‌ಪ್ಯಾಡ್‌ನಲ್ಲಿ ತೆರೆದು ಓದಬಹುದು, ನಿನ್ನೆಯ ಪ್ರತಿಗೂ ಇಂದಿನದಕ್ಕೂ ಏನು ಬದಲಾಗಿದೆ ಎಂದು ಸಾಲು ಸಾಲಾಗಿ ಹೋಲಿಸಬಹುದು. ಯಾರು ಯಾವ ಸೈಕಲ್ ಟೈಮ್ (ಒಂದು ಜಾಬ್‌ಗೆ ಮೆಷಿನ್ ಹಿಡಿಯುವ ಹೊತ್ತು) ತಿದ್ದಿದರು ಎಂಬ ಜಗಳ ಇದೊಂದರಿಂದಲೇ ತೀರುತ್ತದೆ.

ಕಾರ್ಖಾನೆಯ ಮಾದರಿ ಕಟ್ಟುವ ಮುಂಚೆ ಮೇಲಿನ ಲೇತ್ ಲೆಕ್ಕವನ್ನೇ ಓಡಿಸಿ. ಏರುಪೇರಿಗೆ ಎರಡು ಎಕ್ಸ್‌ಪೊನೆನ್ಷಿಯಲ್ ಡಿಸ್ಟ್ರಿಬ್ಯೂಶನ್ (ಹೆಚ್ಚಾಗಿ ಚಿಕ್ಕ, ಆಗೊಮ್ಮೆ ಈಗೊಮ್ಮೆ ತೀರಾ ದೊಡ್ಡ ಹೊತ್ತು ಕೊಡುವ ಹಂಚಿಕೆ) ಹಾಕಿ: ಜಾಬ್ ಬರುವುದಕ್ಕೆ ಸರಾಸರಿ 5 ನಿಮಿಷ, ಕೆಲಸಕ್ಕೆ 4 ನಿಮಿಷ. ಎರಡರಲ್ಲೂ ಯೂನಿಟ್ ಟೈಪ್ ಅನ್ನು ಮೊದಲು ಟೈಮ್ ಎಂದು ಕೊಡಬೇಕು, ಇಲ್ಲದಿದ್ದರೆ ನಿಮಿಷದ ಅಂಕಿಯನ್ನು ಅದು ಒಪ್ಪುವುದೇ ಇಲ್ಲ. ಸಾಲುಗಳ ಗಣಿತದ (ಕ್ಯೂಯಿಂಗ್ ಥಿಯರಿ) ಸೂತ್ರದ ಪ್ರಕಾರ ಸಾಲಿನಲ್ಲಿ ಕಾಯುವ ಸರಾಸರಿ ಹೊತ್ತು 16 ನಿಮಿಷ. ಕೆಲಸದ ಹೊತ್ತು ಏರುಪೇರಿಲ್ಲದೆ ಸರಿಯಾಗಿ 4 ನಿಮಿಷವೇ ಆದರೆ ಕಾಯುವುದು ಅರ್ಧಕ್ಕಿಳಿದು 8 ನಿಮಿಷ. ಏರುಪೇರು ಹಾಗೇ ಇದ್ದು ಸರಾಸರಿ 4.5 ನಿಮಿಷಕ್ಕೆ ಏರಿದರೆ 40.5 ನಿಮಿಷ. ಅರ್ಧ ನಿಮಿಷ ಹೆಚ್ಚಾದದ್ದಕ್ಕೆ ಸಾಲು ಎರಡೂವರೆ ಪಟ್ಟು! ಈ ಮೂರು ಉತ್ತರಗಳು ನಿಮ್ಮ ಪರದೆಯ ಮೇಲೆ ಹೆಚ್ಚುಕಮ್ಮಿ ಹಾಗೇ ಬರಬೇಕು. ಬಾರದಿದ್ದರೆ ಜೋಡಣೆಯಲ್ಲಿ ತಪ್ಪಿದೆ ಅಥವಾ ಓಟ ಸಾಲದಾಗಿದೆ. ಒಂದು ಶಿಫ್ಟ್‌ನ 8 ಗಂಟೆಯಲ್ಲಿ ಬರುವುದು ಸುಮಾರು 96 ಜಾಬ್ ಅಷ್ಟೇ. ಅಷ್ಟರಿಂದ ಸಿಗುವ ಸರಾಸರಿ ಒಂದೊಂದು ಸಲ ಒಂದೊಂದು ಥರ. ಹೀಗಾಗಿ ತಿಂಗಳುಗಟ್ಟಲೆ ಓಡಿಸಿ, ಆರಂಭದ ಖಾಲಿ ದಿನಗಳನ್ನು ಇನಿಶಿಯಲೈಸೇಶನ್ ಡ್ಯುರೇಶನ್‌ನಲ್ಲಿ ಕಳೆದುಬಿಡಿ. ಓಟ ತೀರಾ ನಿಧಾನ ಎನಿಸಿದರೆ ಮೇಲ್ಗಡೆಯ ರಿಯಲ್ ಟೈಮ್ ಗುಂಡಿ ಒತ್ತಿದೆಯೇ ನೋಡಿ. ಅದನ್ನು ತೆಗೆದರೆ ಇಂಥ ಪುಟ್ಟ ಮಾದರಿಯ ಒಂದು ವರ್ಷ ಕೆಲವೇ ಕ್ಷಣಗಳಲ್ಲಿ ಮುಗಿಯುತ್ತದೆ.

ಹೊಸಬರು ಎಡವುವ ದೊಡ್ಡ ಜಾಗ ಬಫರ್, ಅಂದರೆ ಎರಡು ಮೆಷಿನ್‌ಗಳ ನಡುವೆ ಜಾಬ್ ಕಾಯುವ ಜಾಗ. ಜಾಮ್‌ಸಿಮ್‌ನಲ್ಲಿ ಮುಂದಿನ ಕ್ಯೂ ತುಂಬಿತೆಂದು ಹಿಂದಿನ ಮೆಷಿನ್ ತಾನಾಗಿ ನಿಲ್ಲುವುದಿಲ್ಲ. ಲೇತ್ ಮುಗಿಸಿದ ಜಾಬ್ ಗ್ರೈಂಡಿಂಗ್ ಮುಂದಿನ ಸಾಲಿಗೆ ಹೋಗುತ್ತಲೇ ಇರುತ್ತದೆ, ಅಲ್ಲಿ ನೂರು ಜಾಬ್ ಬಿದ್ದಿದ್ದರೂ ಸರಿ. ನಿಜದ ಶಾಪ್‌ನಲ್ಲಿ ಟ್ರಾಲಿಗೆ ಹಿಡಿಯುವುದು ಹತ್ತೇ. ಟ್ರಾಲಿ ತುಂಬಿದರೆ ಲೇತ್ ನಿಲ್ಲುತ್ತದೆ, ಆ ನಿಲುಗಡೆ ಹಿಂದಕ್ಕೂ ಹರಡುತ್ತದೆ. ಇದನ್ನು ಮಾದರಿಯಲ್ಲಿ ತರಲು ಎಕ್ಸ್‌ಪ್ರೆಶನ್ ಥ್ರೆಶೋಲ್ಡ್ (ಷರತ್ತು ನಿಜವಾದಾಗ ಮಾತ್ರ ತೆರೆಯುವ ಗೇಟು) ಒಂದನ್ನು ಹಾಕಿ, ಗ್ರೈಂಡಿಂಗ್ ಸಾಲಿನ ಉದ್ದ 10ಕ್ಕಿಂತ ಕಡಿಮೆ ಇರಬೇಕು ಎಂಬ ಷರತ್ತು ಬರೆದು, ಅದನ್ನು ಲೇತ್‌ನ ಆಪರೇಟಿಂಗ್ ಥ್ರೆಶೋಲ್ಡ್ ಪಟ್ಟಿಗೆ ಸೇರಿಸಬೇಕು. ಇಲ್ಲೊಂದು ಸೂಕ್ಷ್ಮವಿದೆ. ಷರತ್ತನ್ನು ನೋಡುವುದು ಜಾಬ್ ಶುರುವಾಗುವಾಗ. ಒಂದೇ ಲೇತ್ ಇದ್ದರೆ ತೊಂದರೆಯಿಲ್ಲ. ಒಂದೇ ಟ್ರಾಲಿಗೆ ಎರಡು ಲೇತ್ ಜಾಬ್ ಕಳಿಸುತ್ತಿದ್ದರೆ, ಟ್ರಾಲಿಯಲ್ಲಿ 9 ಇರುವಾಗ ಎರಡೂ ಒಟ್ಟಿಗೆ ಶುರುವಾಗಿ 11 ಆಗಿಬಿಡುತ್ತದೆ. ಷರತ್ತಿನಲ್ಲಿ ಮೆಷಿನ್ ಮೇಲಿರುವ ಜಾಬ್‌ಗಳನ್ನೂ ಕೂಡಿಸಿ ಬರೆಯಬೇಕು. ಬಫರ್ ಮಿತಿಯನ್ನು ಸರ್ವರ್‌ನಲ್ಲೇ ಒಂದು ಅಂಕಿಯಾಗಿ ಕೊಡುವಂತಿದ್ದರೆ ಎಷ್ಟೋ ತಪ್ಪು ವರದಿಗಳು ತಪ್ಪುತ್ತಿದ್ದವು. ಈ ತಂತ್ರಾಂಶದ ಮೇಲಿನ ನಮ್ಮ ಮುಖ್ಯ ದೂರು ಇದೇ.

ಬ್ರೇಕ್‌ಡೌನ್ ವಿಷಯದಲ್ಲಿ ಮಾತ್ರ ಇದು ತುಂಬ ಚೆನ್ನಾಗಿದೆ. ಡೌನ್‌ಟೈಮ್ ಎಂಟಿಟಿಗೆ ಎಷ್ಟು ಹೊತ್ತಿಗೊಮ್ಮೆ ಕೆಡುತ್ತದೆ, ರಿಪೇರಿಗೆ ಎಷ್ಟು ಹೊತ್ತು ಎಂಬುದನ್ನು ಬೇರೆ ಬೇರೆಯಾಗಿ ಕೊಡಬಹುದು. ಸರ್ವರ್‌ನ ಕಡೆ ಇಮ್ಮೀಡಿಯೆಟ್ ಪಟ್ಟಿಗೆ ಸೇರಿಸಿದರೆ ನಡುಜಾಬ್‌ನಲ್ಲೇ ನಿಲ್ಲುತ್ತದೆ, ಫೋರ್ಸ್ಡ್ ಪಟ್ಟಿಗೆ ಸೇರಿಸಿದರೆ ಕೈಯಲ್ಲಿರುವ ಜಾಬ್ ಮುಗಿದ ಮೇಲೆ ನಿಲ್ಲುತ್ತದೆ. ಬೆಲ್ಟ್ ಹರಿಯುವುದಕ್ಕೆ ಮೊದಲನೆಯದು, ಎಣ್ಣೆ ಹಾಕುವುದಕ್ಕೆ ಎರಡನೆಯದು. ಯಾವ ಪಟ್ಟಿಗೂ ಸೇರಿಸದಿದ್ದರೆ ಬ್ರೇಕ್‌ಡೌನ್ ತನ್ನ ಪಾಡಿಗೆ ಆಗುತ್ತಿರುತ್ತದೆ, ಮೆಷಿನ್ ಮಾತ್ರ ನಿಲ್ಲುವುದಿಲ್ಲ. ಇನ್ನೊಂದು ಖಾನೆಯಲ್ಲಿ ಯಾವ ಮೆಷಿನ್‌ನ ಕೆಲಸದ ಹೊತ್ತನ್ನು ಎಣಿಸಬೇಕು ಎಂದು ಹೇಳಬೇಕು. ಅದನ್ನು ಖಾಲಿ ಬಿಟ್ಟರೆ ಗಡಿಯಾರದ ಹೊತ್ತೇ ಲೆಕ್ಕಕ್ಕೆ ಬರುತ್ತದೆ. ನಮ್ಮ ಲೇತ್ 6 ಗಂಟೆ ದುಡಿದರೆ ಒಮ್ಮೆ ಕೆಡುತ್ತದೆ ಎನ್ನಿ. ಶೇ. 80ರಷ್ಟೇ ದುಡಿಯುವುದರಿಂದ ನಿಜವಾಗಿ ಏಳೂವರೆ ಗಂಟೆಗೊಮ್ಮೆ ಕೆಡಬೇಕು. ಖಾಲಿ ಬಿಟ್ಟ ಮಾದರಿಯಲ್ಲಿ ಆರು ಗಂಟೆಗೇ ಕೆಡುತ್ತದೆ. ಕೆಲಸದ ಹೊತ್ತನ್ನೇ ಎಣಿಸಿ, ಪ್ರತಿ ರಿಪೇರಿಗೆ ಅರ್ಧ ಗಂಟೆ ಹಿಡಿದರೆ 4 ನಿಮಿಷದ ಜಾಬ್ ವಾಸ್ತವದಲ್ಲಿ 4.33 ನಿಮಿಷದ ಜಾಬ್. ಶೇ. 80 ಎಂದುಕೊಂಡದ್ದು ಶೇ. 86.7 ಆಯಿತು. ಸಾಲು ಬೆಳೆಯುವುದು ಇಲ್ಲಿಂದ.

ಶಿಫ್ಟ್‌ಗಳಿಗೆ ಟೈಮ್ ಸೀರೀಸ್ ಥ್ರೆಶೋಲ್ಡ್ ಇದೆ, ಅದರಲ್ಲಿ ಹೇಳುವಂಥದ್ದೇನಿಲ್ಲ. ಅಳತೆಯ ಘಟಕಗಳನ್ನು (ನಿಮಿಷ, ಗಂಟೆ) ಬರೆಯುವ ರೀತಿ ಎರಡು ಥರ ಇರುವುದು ಕಿರಿಕಿರಿ: ಸಾಮಾನ್ಯ ಖಾನೆಯಲ್ಲಿ ಅಂಕಿ, ಜಾಗ, ನಿಮಿಷ; ಸೂತ್ರದೊಳಗೆ ಅದೇ ನಿಮಿಷವನ್ನು ಚೌಕ ಆವರಣದಲ್ಲಿ ಬರೆಯಬೇಕು. ಸೈಕಲ್ ಟೈಮ್‌ಗೆ ನಾರ್ಮಲ್ ಡಿಸ್ಟ್ರಿಬ್ಯೂಶನ್ ಹಾಕುವವರು ಕನಿಷ್ಠ ಬೆಲೆಯನ್ನೂ ಕೊಡಿ, ಇಲ್ಲವಾದರೆ ಎಂದೋ ಒಮ್ಮೆ ಸೊನ್ನೆಗಿಂತ ಕಡಿಮೆ ಹೊತ್ತು ಬಂದು ಓಟ ನಿಂತುಹೋಗುತ್ತದೆ. ಒಂದೇ ಓಟದ ಉತ್ತರವನ್ನು ಮಾಲೀಕರ ಮುಂದೆ ಇಡಬೇಡಿ. ಕನಿಷ್ಠ ಹತ್ತು ರೆಪ್ಲಿಕೇಶನ್ (ಬೇರೆ ಬೇರೆ ರ್‍ಯಾಂಡಮ್ ಅಂಕಿಗಳೊಂದಿಗೆ ಅದೇ ಮಾದರಿಯ ಮರು ಓಟ) ಓಡಿಸಿ, ಉತ್ತರ ಎಷ್ಟರಿಂದ ಎಷ್ಟರವರೆಗೆ ಹರಡಿದೆ ಎಂಬುದನ್ನೂ ತೋರಿಸಿ. ಎರಡನೇ ಲೇತ್ ಬೇಕೇ ಬೇಡವೇ ಎಂದು ಹೋಲಿಸುವಾಗ ಎರಡೂ ಮಾದರಿಗೆ ಅದೇ ರ್‍ಯಾಂಡಮ್ ಸೀಡ್ (ಏರುಪೇರಿನ ಅಂಕಿಗಳ ಸರಣಿಯನ್ನು ನಿರ್ಧರಿಸುವ ಆರಂಭದ ಸಂಖ್ಯೆ) ಇರಲಿ.

ಗೋಡೌನ್ ಮತ್ತು ಸಾಗಣೆಯ ಕಡೆ ಇದು ಸ್ವಲ್ಪ ಬಡವಾಗಿದೆ. ಫೋರ್ಕ್‌ಲಿಫ್ಟ್ ಎಂಬ ಸಿದ್ಧ ವಸ್ತು ಇಲ್ಲ. ರಿಸೋರ್ಸ್ ಪೂಲ್‌ನಲ್ಲಿ ಎರಡು ಗಾಡಿ ಎಂದು ಇಟ್ಟು, ಸೀಜ್‌ನಲ್ಲಿ ಹಿಡಿದು, ಡಿಲೇಯಲ್ಲಿ ಸಾಗಿಸಿ, ರಿಲೀಸ್‌ನಲ್ಲಿ ಬಿಡಬೇಕು. ಪ್ಯಾಲೆಟ್ ಇಳಿಸಿದ ತಕ್ಷಣ ರಿಲೀಸ್ ಹಾಕುವುದು ಎಲ್ಲರೂ ಮಾಡುವ ತಪ್ಪು. ಆಗ ಗಾಡಿ ಗೋಡೌನ್‌ನ ತುದಿಯಿಂದ ಡಾಕ್‌ಗೆ (ಸರಕು ಏರಿಸಿ ಇಳಿಸುವ ಕಟ್ಟೆಗೆ) ಹೊತ್ತೇ ತೆಗೆದುಕೊಳ್ಳದೆ ಹಾರಿ ಬಂದಂತಾಗುತ್ತದೆ. ಪ್ಯಾಲೆಟ್ ಸಿಂಕ್‌ಗೆ ಹೋಗುವ ಮುನ್ನ, ಗಾಡಿ ಖಾಲಿ ಮರಳುವ ಹೊತ್ತಿಗೂ ಒಂದು ಡಿಲೇ ಹಾಕಿ ಆಮೇಲೆ ರಿಲೀಸ್ ಮಾಡಿ. ಹೋಗಲು 3 ನಿಮಿಷ, ಮರಳಲು 2 ನಿಮಿಷವಾದರೆ ಒಂದು ಗಾಡಿ ಗಂಟೆಗೆ ಹೊಡೆಯುವ ಟ್ರಿಪ್ 20 ಅಲ್ಲ, 12.